ಬರೆದು ಕೊಡಿ ಮೇಡಂ

ನಾವು ಇನ್ನೂ ಬಾಗಿಲು ದಾಟಿರಲಿಲ್ಲ. ಆ ಹೆಂಗಸು ಆಯಾಳಿಗೆ ಹೇಳಿದ್ದು ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು. "ಆ ಕುರ್ಚಿ ಒಮ್ಮೆ ಒರೆಸಿ." ನನ್ನ ನಾಲ್ಕು ವರ್ಷದ ಮಗಳು ಐದು ನಿಮಿಷ ಕೂತಿದ್ದ ಕುರ್ಚಿ ಅದು. ಅವಳು ಅದರ ಮೇಲೆ ಉಚ್ಚೆ ಹೊಯ್ದಿರಲಿಲ್ಲ, ಜೊಲ್ಲು ಸುರಿಸಿರಲಿಲ್ಲ. ಅವಳಿಗೆ ಆಟಿಸಂ, ಮಾತು ಬರುವುದಿಲ್ಲ. ಎರಡೂ ಕೈಯನ್ನು ಗಾಳಿಯಲ್ಲಿ ಅಲ್ಲಾಡಿಸುತ್ತ ಕೂತಿದ್ದಳು, ಅಷ್ಟೆ.

ಆ ಹೆಂಗಸು ಕಾಪುವಿನಲ್ಲಿ ನಮ್ಮ ಮನೆಗೆ ಹತ್ತಿರದ ಶಾಲೆಯ ಹೆಡ್‌ಮಿಸ್ಸು. ಅಕ್ಕಪಕ್ಕದ ಮಕ್ಕಳೆಲ್ಲ ನಡೆದುಕೊಂಡೇ ಹೋಗುವ ಶಾಲೆ. ನನ್ನ ಮಗಳಿಗೂ ಅಲ್ಲಿ ಒಂದು ಎಲ್‌ಕೆಜಿ ಸೀಟು ಬೇಕಿತ್ತು. ಆ ವರ್ಷ ದೇವರ ಹತ್ತಿರ ನಾನು ಬೇರೆ ಏನನ್ನೂ ಕೇಳಿರಲಿಲ್ಲ. ಗಂಡ ಮಲ್ಪೆಯ ಐಸ್ ಪ್ಲಾಂಟಿಗೆ ಬೆಳಗಾಗುವ ಮೊದಲೇ ಹೊರಡುತ್ತಾರೆ. ದಿನಾ ಮಗಳನ್ನು ಬಸ್ಸು ಹತ್ತಿಸಿ ದೂರಕ್ಕೆ ಕರೆದೊಯ್ದರೆ ನನ್ನ ಹೊಲಿಗೆ ಕೆಲಸ ನಿಂತಂತೆಯೇ. "ಇಂಥ ಮಕ್ಕಳಿಗೆ ಮಣಿಪಾಲದ ಕಡೆ ಬೇರೆ ಶಾಲೆ ಉಂಟಲ್ವಾ? ಇಲ್ಲಿ ಸೇರಿಸಿದರೆ ಉಳಿದ ಪೇರೆಂಟ್ಸ್ ನನ್ನನ್ನು ಬಿಡ್ತಾರಾ?" ಎಂದು ಆ ಹೆಂಗಸು ನಗುನಗುತ್ತಲೇ ಕೇಳಿದ್ದಳು. ಮಗಳಿಗೆ ಬಿಸ್ಕತ್ತನ್ನೂ ಕೊಟ್ಟಿದ್ದಳು. ಆಮೇಲೆ ಕುರ್ಚಿ ಒರೆಸಿದ್ದು. ನಾನು ಮನೆಗೆ ಬಂದು ಅಳಲಿಲ್ಲ. ಮೆಷಿನ್ನಿನ ಮುಂದೆ ಕೂತು, ಪೆಡಲ್ ತುಳಿದಷ್ಟು ಸಲ ಅವಳಿಗೆ ಶಾಪ ಹಾಕಿದೆ. ಯಾರದೋ ಮದುವೆಯ ರವಿಕೆ ಪೂರ್ತಿ ಹಾಳಾಯಿತು.

ಇಂಥ ಮಕ್ಕಳ ತಾಯಂದಿರು ತಿಂಗಳಿಗೆ ಎರಡು ಶನಿವಾರ ಮಣಿಪಾಲದ ಒಂದು ಕೋಣೆಯಲ್ಲಿ ಸೇರುತ್ತೇವೆ. ತುಳು, ಕೊಂಕಣಿ, ಬ್ಯಾರಿ ಎಲ್ಲವನ್ನೂ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಕನ್ನಡದಲ್ಲಿ ಮಾತು. ಮಗುವಿಗೆ ಚಮಚ ಹಿಡಿಯಲು ಹೇಗೆ ಕಲಿಸುವುದು ಎಂದು ತೋರಿಸಲು ಥೆರಪಿಯ ಹುಡುಗಿಯೊಬ್ಬಳು ಬರುತ್ತಾಳೆ. ಅವಳು ಹೋದ ಮೇಲೆ ನಮ್ಮ ಥೆರಪಿ ಶುರು. ಆ ವಾರ ಯಾರು ನಮಗೆ ಏನು ಅಂದರು ಎಂದು ಒಬ್ಬೊಬ್ಬರೇ ಹೇಳಬೇಕು. ಉಳಿದವರು ಸೇರಿ ಅಂದವರ ಜನ್ಮ ಜಾಲಾಡಬೇಕು. ಅತ್ತೆಯರು, ನಾದಿನಿಯರು, ಡಾಕ್ಟರುಗಳು, ಯಾರನ್ನೂ ಬಿಟ್ಟವರಲ್ಲ ನಾವು.

ನಾನು ಕುರ್ಚಿಯ ಕಥೆ ಹೇಳಿದೆ. "ಎಂತ ದೊಡ್ಡಸ್ತಿಕೆ ಮಾರಾಯ್ರೆ ಅವಳದ್ದು!" ಎಂದು ಬಜಗೋಳಿಯವಳು ಎದ್ದೇ ನಿಂತಳು. ಎರಡು ಬಸ್ಸು ಬದಲಿಸಿ, ಅವಳಿ ಮಕ್ಕಳನ್ನು ಹೊತ್ತುಕೊಂಡು ಬರುವವಳು ಅವಳು. ನಮ್ಮಲ್ಲಿ ಹಿರಿಯರಾದ ಕಾರ್ಕಳದ ಬಾಯಮ್ಮ ಮಾತ್ರ ಬೈಯಲಿಲ್ಲ. ಗಂಡ ಗಲ್ಫಿನಲ್ಲಿದ್ದಾಗ ಮಗನಿಗಾಗಿ ಒಬ್ಬರೇ ಶಾಲೆ ಶಾಲೆ ಅಲೆದವರು ಅವರು.

"ಬಾಯಲ್ಲಿ ಇಲ್ಲ ಹೇಳ್ಲಿಕ್ಕೆ ಸುಲಭ," ಎಂದರು. "ಇಂಥ ಮಕ್ಕಳಿಗೆ ಸೀಟು ಇಲ್ಲ ಹೇಳ್ಲಿಕ್ಕಿಲ್ಲ ಅಂತ ಕಾನೂನು ಉಂಟು, ಅದು ಅವರಿಗೂ ಗೊತ್ತುಂಟು. ಹಾಗಾಗಿ ಬರೆದು ಕೊಡ್ಲಿಕ್ಕೆ ಹೆದರ್ತಾರೆ. ನಾವು ಬರೆದು ಕೊಡಿ ಅಂತ ಕೇಳುವ. ನೀವೊಬ್ಬರೇ ಅಲ್ಲ, ಎಲ್ಲರೂ ಹೋಗುವ."

ಫಾರ್ಮು ಕೊಡುವ ದಿನ ನಾವು ಒಂಬತ್ತು ಮಂದಿ ಮಕ್ಕಳನ್ನು ಕಟ್ಟಿಕೊಂಡು ಹೋದೆವು. ಉಚ್ಚಿಲದಿಂದ, ಮಲ್ಪೆಯಿಂದ, ಉಡುಪಿಯಿಂದ ಎಲ್ಲರೂ ಮದುವೆಗೆ ಹೊರಟ ಹಾಗೆ ಒಳ್ಳೆಯ ಸೀರೆ, ಚೂಡಿದಾರ್ ಹಾಕಿಕೊಂಡು ಬಂದಿದ್ದರು. ಒಬ್ಬರಾದ ಮೇಲೆ ಒಬ್ಬರು ಆಫೀಸಿನ ಒಳಗೆ ಹೋದರು. ಎಲ್ಲರದ್ದೂ ಒಂದೇ ಪಾಠ. "ಸೀಟು ಇಲ್ಲದಿದ್ದರೆ ಪರವಾಗಿಲ್ಲ ಮೇಡಂ. ಯಾಕೆ ಇಲ್ಲ ಅಂತ ಬರೆದು ಕೊಡಿ." ಐದನೆಯವಳು ಹೊರಗೆ ಬರುವಾಗ ಆ ಹೆಂಗಸು ಫ್ಯಾನು ಜೋರು ಮಾಡಲು ಹೇಳುವುದು ಕೇಳಿಸಿತು. ಏಳನೆಯವರು ಬಾಯಮ್ಮ. ಅವರು ತಮ್ಮದೇ ಪೆನ್ನು ತೆಗೆದು ಮೇಜಿನ ಮೇಲಿಟ್ಟರಂತೆ.

ಕೊನೆಗೆ ನಾನು. ಮಗಳನ್ನು ಅದೇ ಕುರ್ಚಿಯ ಮೇಲೆ ಕೂರಿಸಿದೆ. "ಒರೆಸುವ ಬಟ್ಟೆ ಇಲ್ಲೇ ಉಂಟಲ್ವಾ ಮೇಡಂ?" ಎಂದು ಕೇಳಿದೆ. ಆ ಹೆಂಗಸಿನ ಮುಖ ಇಳಿದುಹೋಯಿತು. ಆಹಾ, ಆ ಮುಖ! ನನ್ನ ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ. ಅವಳು ಎದ್ದು ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದಳು. "ಹತ್ತಿರದ ಮಗು ಅಂತ ಇದೊಂದನ್ನು ತೆಗೆದುಕೊಳ್ತೇವೆ," ಎಂದು ನನ್ನ ಫಾರ್ಮಿಗೆ ಸೀಲು ಒತ್ತಿದಳು.

ಮುಂದಿನ ಶನಿವಾರ ಗುಂಪಿನಲ್ಲಿ ನಾನು ಆ ಮುಖವನ್ನು ನಟಿಸಿ ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಮಾಡಿಸಿದರು. ಬಾಯಮ್ಮನೂ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಕೇಳಿದರು, "ಜೂನ್‌ನಲ್ಲಿ ಮಗುವನ್ನು ಯಾರ ಕೈಗೆ ಕೊಡ್ತೀರಿ?" ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಜೂನ್‌ನಲ್ಲಿ ಆ ಹೆಂಗಸಿನ ಕೈಗೇ ಕೊಟ್ಟೆ. ಗೇಟಿನ ಹತ್ತಿರ ಕೊಡೆ ಹಿಡಿದು ಅವಳೇ ನಿಂತಿದ್ದಳು. ನಾನು "ಗುಡ್ ಮಾರ್ನಿಂಗ್ ಮೇಡಂ" ಎಂದೆ, ಹಲ್ಲು ಕಿರಿದೆ. ದಿನಾ ಕಿರಿಯುತ್ತೇನೆ. ಏನು ಮಾಡುವುದು, ನನ್ನ ಮಗು ಒಳಗಿದೆ. ಉಳಿದ ಮಕ್ಕಳು ಮನೆಗೆ ಬಂದು ಮಿಸ್ಸು ಬೈದರು, ಹೊಡೆದರು ಎನ್ನುತ್ತವೆ. ನನ್ನದು ಎಂತ ಹೇಳೀತು? ಹಾಗಾಗಿ ಮಧ್ಯಾಹ್ನ ಶಾಲೆಯಿಂದ ಬಂದ ಕೂಡಲೇ ಬಚ್ಚಲಿಗೆ ಕರೆದೊಯ್ದು, ಬಟ್ಟೆ ಬಿಚ್ಚಿ, ಮೈಯೆಲ್ಲ ಹುಡುಕುತ್ತಿದ್ದೆ. ಕಿವಿಯ ಹಿಂದೆ, ತೋಳಿನ ಒಳಬದಿ, ತೊಡೆ. ಚಿವುಟಿದರೆ ಅಲ್ಲೇ ಚಿವುಟುತ್ತಾರೆ ಎಂದು ಗುಂಪಿನ ಮಲ್ಪೆಯವಳು ಹೇಳಿಕೊಟ್ಟಿದ್ದಳು. ಏನೂ ಸಿಗುತ್ತಿರಲಿಲ್ಲ. ಬುತ್ತಿ ಖಾಲಿಯಾಗಿರುತ್ತಿತ್ತು, ಯಾರೋ ಕೂದಲು ಬಾಚಿರುತ್ತಿದ್ದರು. ಅದೂ ನಾಟಕವೇ ಎಂದುಕೊಂಡೆ.

ಮೂರನೆಯ ವಾರ ಸಿಕ್ಕಿತು. ಎಡತೋಳಿನ ಒಳಗೆ, ಕಂಕುಳ ಹತ್ತಿರ, ಬೆರಳುದ್ದದ ಕೆಂಪು ಗೆರೆ. ಸಿಕ್ಕಿಬಿದ್ದಳು! ನನ್ನ ಎದೆ ಕುಣಿಯಿತು. ಸುಳ್ಳು ಹೇಳುವುದಿಲ್ಲ, ಕುಣಿಯಿತು. ಒದ್ದೆ ಕಾಲಲ್ಲೇ ಓಡಿಹೋಗಿ ಮೊಬೈಲು ತಂದೆ. ಫೋಟೋ ಹಿಡಿಯುವ ಮೊದಲೇ ಗುಂಪಿಗೆ ಏನು ಬರೆಯುವುದು, ಮತ್ತೆ ಒಂಬತ್ತು ಮಂದಿ ಯಾವ ದಿನ ಹೋಗುವುದು, ಈ ಸಲ ಪೊಲೀಸರನ್ನೂ ಕರೆಯುವುದೇ ಎಂದೆಲ್ಲ ಲೆಕ್ಕ ಹಾಕಿ ಆಗಿತ್ತು. ಸರಿಯಾಗಿ ಕಾಣಲಿ ಎಂದು ತೋಳನ್ನು ಬೆಳಕಿಗೆ ಎಳೆದು ಹಿಡಿದೆ. ನನ್ನ ಹೆಬ್ಬೆರಳು ಕೆಂಪಾಯಿತು. ಸ್ಕೆಚ್ ಪೆನ್ನಿನ ಗೆರೆ.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ನಿರಾಶೆಯಾಯಿತು. ಹೆತ್ತ ಮಗಳ ಮೈಮೇಲೆ ಗಾಯ ಇಲ್ಲವಲ್ಲ ಎಂದು ನಿರಾಶೆಯಾಯಿತು. ಮಗಳು ಖಾಲಿ ಚೊಂಬನ್ನು ನನ್ನ ಕೈಗೆ ತುರುಕಿ, ನೀರು ಹೊಯ್ಯಲೆಂದು ತಲೆ ಬಗ್ಗಿಸಿ ಕಾಯುತ್ತಿದ್ದಳು.

ಆ ಶನಿವಾರ ಹೊಟ್ಟೆನೋವು ಎಂದು ಮೆಸೇಜು ಹಾಕಿ ನಾನು ಗುಂಪಿಗೆ ಹೋಗಲಿಲ್ಲ.