ದೊಡ್ಡಮ್ಮ ಓಡಿಸಿದ ಅಮೆರಿಕದ ಕಾರು

ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ಹಳೇ ಕಾರುಗಳ ಮೆರವಣಿಗೆ ಹೋಯಿತು. ಅದರಲ್ಲೊಂದು ಅಗಲ ಮೂತಿಯ ಅಮೆರಿಕದ ಕಾರು ಕಂಡು ಮಾಗಡಿ ಹತ್ತಿರದ ಕಲ್ಯ ಊರಿನ ನಮ್ಮ ದೊಡ್ಡಪ್ಪ ನೆನಪಾದರು. ಅಂಥದ್ದೇ ಕಾರನ್ನು ಗುಜರಿಯಿಂದ ತಂದು, ಲಾರಿ ಇಂಜಿನ್ ಕೂರಿಸಿ, ಹಿಂದಿನ ಸೀಟು ಕಿತ್ತು, ಅದರಲ್ಲಿ ರೇಷ್ಮೆಗೂಡು ಸಾಗಿಸುತ್ತಿದ್ದರು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಒಮ್ಮೆ ಗೂಡು ಬಿಡಿಸಿದ ದಿನವೇ ಅವರಿಗೆ ಚಳಿಜ್ವರ ಬಂತು. ಬಸ್ಸುಗಳೂ ಮುಷ್ಕರದಲ್ಲಿ ನಿಂತಿದ್ದವು. ಮುಷ್ಕರ ಮುಗಿಯುವವರೆಗೆ ಕಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತಿತ್ತು. ಅಂಥ ಗೂಡನ್ನು ಯಾರೂ ಕೊಳ್ಳುವುದಿಲ್ಲ. ದೊಡ್ಡಮ್ಮ ಸೆರಗು ಸಿಕ್ಕಿಸಿ ಕಾರಿನ ಕೀಲಿ ತೆಗೆದುಕೊಂಡರು.

"ನಿಂಗೆಲ್ಲಿ ಬತ್ತದಮ್ಮಿ ಓಡ್ಸೋಕೆ?" ಎಂದರು ದೊಡ್ಡಪ್ಪ, ಕಂಬಳಿಯೊಳಗಿಂದ.

"ಏಳು ವರ್ಸದಿಂದ ಪಕ್ಕದಲ್ಲಿ ಕುಂತು ನೋಡಿವ್ನಿ. ಸುಮ್ಕೆ ಮನಿಕ್ಕಳಿ."

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಗಡಿ ದಾಟುವವರೆಗೂ ಎರಡನೇ ಗೇರಿನಲ್ಲೇ ಓಡಿಸಿದರು. ರಾಮನಗರದ ಗೂಡಿನ ಮಾರುಕಟ್ಟೆ ಮುಟ್ಟಿದಾಗ ಅವರ ಬೆರಳುಗಳು ಸ್ಟೇರಿಂಗಿಗೆ ಅಂಟಿದಂತಿದ್ದವು. ಗೂಡೆಲ್ಲ ಹರಾಜಾಯಿತು.

ಸಂಜೆ ನಾವು ಮನೆಗೆ ಮರಳಿದಾಗ ದೊಡ್ಡಪ್ಪ ಜ್ವರದಲ್ಲೇ ಎದ್ದು ಬಂದು ಕಾರಿನ ಸುತ್ತ ಗೀರು ಹುಡುಕಿದರು. ಒಂದೂ ಸಿಗಲಿಲ್ಲ.

"ಮುಂದ್ಲ ಬೆಳೆಗೂ ನೀನೇ ಓಗು," ಎಂದು ಒಳಗೆ ಹೋದರು.

ಮುಂದೆ ನನಗೆ ಕಾರು ಕಲಿಸಿದವರೂ ದೊಡ್ಡಮ್ಮನೇ. ಈಗ ಅವರಿಲ್ಲ. ಆದರೂ ಇಳಿಜಾರು ಬಂದಾಗಲೆಲ್ಲ ಪಕ್ಕದ ಸೀಟಿನಿಂದ ಅವರ ಮಾತು ಕೇಳಿಸುತ್ತದೆ: "ಒಸಿ ನಿಧಾನ ಕಣಮ್ಮಿ."