ಪರ್ಮಿಶನ್ ಡಿನೈಡ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಹೊಸ ಸಾಫ್ಟ್‌ವೇರ್ ಹಾಕಲು ಮುಂಬೈಯಿಂದ ಒಬ್ಬ ತಜ್ಞ ಬಂದ. ನಮಗ್ಯಾರಿಗೂ ನಮಸ್ಕಾರ ಹೇಳಲಿಲ್ಲ, ಎ.ಸಿ. ಹೆಚ್ಚು ಮಾಡಲು ಹೇಳಿದ.

ಮುಖ್ಯ ಕಂಪ್ಯೂಟರಿನಲ್ಲಿ ಕೂತು, ನೆಟ್‌ವರ್ಕಿನ ಮೂಲಕ ಉಳಿದವುಗಳಿಗೆ ಆಜ್ಞೆ ಕೊಟ್ಟು, ಎಲ್ಲದರಲ್ಲೂ ಒಂದೇ ಸಲಕ್ಕೆ ಸಾಫ್ಟ್‌ವೇರ್ ಹಾಕುವುದು ಅವನ ಕೆಲಸ. ಆಜ್ಞೆ ಕೊಟ್ಟಾಗಲೆಲ್ಲ ತೆರೆಯ ಮೇಲೆ ಒಂದೇ ಸಾಲು: ಪರ್ಮಿಶನ್ ಡಿನೈಡ್.

ಹೊರಗಿನ ಯಾವ ಕಂಪ್ಯೂಟರಿನ ಮಾತು ಕೇಳಬೇಕು ಎಂಬುದನ್ನು ಯುನಿಕ್ಸ್ ಒಂದು ಪುಟ್ಟ ಫೈಲನ್ನು ನೋಡಿ ತಿಳಿಯುತ್ತದೆ. ಉಳಿದ ಕಂಪ್ಯೂಟರುಗಳ ಆ ಫೈಲಿನಲ್ಲಿ ನಮ್ಮ ಮುಖ್ಯ ಕಂಪ್ಯೂಟರಿನ ಹೆಸರಿರಲಿಲ್ಲ. ತಜ್ಞ ಎಲ್ಲದರಲ್ಲೂ ಅದನ್ನು ಸೇರಿಸಿದ. ಅಲ್ಲಿಗೇ ನಿಲ್ಲಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ! ಕಂಡ ಕಂಡ ಫೈಲನ್ನೆಲ್ಲ ಯಾರು ಬೇಕಾದರೂ ತಿದ್ದಬಹುದು ಎಂದು ತೆರೆದಿಡುತ್ತ ಹೋದ. ಆ ಪುಟ್ಟ ಫೈಲನ್ನೂ ಬಿಡಲಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಆ ಫೈಲನ್ನು ಯುನಿಕ್ಸ್ ನಂಬುವುದಿಲ್ಲ. ಅವನಿಗಿಂತ ಯಂತ್ರಕ್ಕೇ ಬುದ್ಧಿ ಹೆಚ್ಚಿತ್ತು. ಮತ್ತೆ ಅದೇ ಸಾಲು ಬಂತು.

ಮರಾಠಿಯಲ್ಲಿ ಅವನಿಗೆ ಹೇಳಹೋದೆ. “ಜರಾ ಥಾಂಬಾ, ಮ್ಯಾಡಮ್,” ಎಂದು ಮುಖ ಕೂಡ ತಿರುಗಿಸದೆ ನನ್ನನ್ನು ತಡೆದ.

ನಮ್ಮ ಮ್ಯಾನೇಜರರು ವಿಜಾಪುರದ ಕಡೆಯವರು. ಧಾರವಾಡದವಳಾದ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಅದರಲ್ಲೂ ಬೈಯುವಾಗ.

“ಸರ್, ಅವರು ಎಲ್ಲಾ ಫೈಲ್ ತಗದ ಇಟ್ಟಾರ್ರಿ. ಅದಕ್ಕ ನಡೀವಲ್ತು,” ಎಂದೆ.

“ನಿಮಗ ಗೊತ್ತಿದ್ರ ಮುಂಬೈದಿಂದ ಅವರನ್ನ ಯಾಕ ಕರಸ್ತಿದ್ವಿ? ಸುಮ್ಮ ಕುಂದರ್ರಿ.”

“ಆತ್ರಿ,” ಎಂದೆ.

ಇಬ್ಬರೂ ಸದಾಶಿವ ಪೇಠೆಯ ಯಾವುದೋ ಖಾನಾವಳಿಯ ಥಾಲಿಯನ್ನು ಹೊಗಳುತ್ತ ಊಟಕ್ಕೆ ಹೋದರು. ನಾನು ಎಲ್ಲ ಕಂಪ್ಯೂಟರುಗಳಲ್ಲೂ ಆ ಪುಟ್ಟ ಫೈಲನ್ನು ಅದರ ಒಡೆಯನ ಖಾತೆಯ ಹೊರತು ಬೇರೆ ಯಾರೂ ತಿದ್ದದಂತೆ ಮಾಡಿ, ಮುಖ್ಯ ಕಂಪ್ಯೂಟರಿನಿಂದ ಆಜ್ಞೆ ಕೊಟ್ಟೆ. ಅವು ತಕರಾರಿಲ್ಲದೆ ಕೇಳಿದವು. ಇಬ್ಬರೂ ಬಡೇಸೋಪು ಜಗಿಯುತ್ತ ಮರಳಿದಾಗ ಸಾಫ್ಟ್‌ವೇರ್ ಸರಾಗವಾಗಿ ಇಳಿಯುತ್ತಿತ್ತು.

ನೆಟ್‌ವರ್ಕಿಗೆ ಸ್ವಲ್ಪ ವಿಶ್ರಾಂತಿ ಬೇಕಿತ್ತು ಎಂದ ತಜ್ಞ. ನೆಟ್‌ವರ್ಕೇನು, ಬಾಣಂತಿಯೇ?

“ನಾ ಸರಿ ಮಾಡೀನ್ರಿ, ಸರ್,” ಎಂದೆ.

ಮ್ಯಾನೇಜರರು ನಕ್ಕರು. “ಇರ್ಲಿ ಬಿಡ್ರಿ. ಅನುಭವ ಅಂದ್ರ ಅವರದು.”

ತಜ್ಞ ಶಾಲು, ತೆಂಗಿನಕಾಯಿ ತೆಗೆದುಕೊಂಡು ಹೊರಟುಹೋದ. ತೆರೆದಿಟ್ಟ ಫೈಲುಗಳನ್ನು ಹಾಗೇ ಬಿಟ್ಟುಹೋದ. ಒಬ್ಬರ ಡ್ರಾಯಿಂಗನ್ನು ಇನ್ನೊಬ್ಬರು ಅಳಿಸಿ, ವಿಭಾಗದಲ್ಲಿ ಜಗಳವೇ ಆಯಿತು. ನಾನು ಒಂದೊಂದನ್ನೇ ಹುಡುಕಿ ಮುಚ್ಚತೊಡಗಿದೆ. ಆಗ ಮ್ಯಾನೇಜರರು ಸಿಡಿಮಿಡಿಗೊಂಡು ಬಂದರು.

“ಮೊದಲ ಎಲ್ಲಾರ ಡ್ರಾಯಿಂಗೂ ಓಪನ್ ಆಗ್ತಿದ್ವು. ನೀವು ಕೈ ಹಚ್ಚೀರಿ, ಕೆಟ್ಟದ.”

ನನ್ನೆದುರೇ ಮುಂಬೈಗೆ ಫೋನ್ ಹಚ್ಚಿದರು. ನಾನು ಚಹಾ ಕುಡಿಯಲು ಹೋದೆ. ತಜ್ಞ ಬರಲೇ ಇಲ್ಲ. ಉಳಿದ ಫೈಲುಗಳನ್ನೂ ಮುಚ್ಚಿದೆ. ಮ್ಯಾನೇಜರರು ಆ ವರ್ಷವಿಡೀ ನನ್ನೊಡನೆ ಮರಾಠಿಯಲ್ಲೇ ಮಾತಾಡಿದರು.