ಹನ್ನೆರಡು ಪೆಟ್ಟಿಗೆಗಳ ಮಡಿಲಕ್ಕಿ

ಪುಕ್ಕಲಿ ಎಂದು ಮನೆಯಲ್ಲಿ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹೊರದೇಶದ ಕಾಗದಕ್ಕೆ ರುಜು ಹಾಕಿದ್ದು ಅವರಲ್ಲ, ನಾನು.

ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಹಿತ್ತಲ ಶೆಡ್ಡಿನಲ್ಲಿ ನಾನೂ ಇಬ್ಬರು ಕೆಲಸಗಾರರೂ ಮರದ ತಟ್ಟೆಗಳಿಗೆ ಇನ್‌ಲೇ ಮಾಡುತ್ತೇವೆ. ಮರದೊಳಗೆ ಬೇರೆ ಬಣ್ಣದ ಮರ ಕೂರಿಸಿ ಆನೆ, ನವಿಲು ಮೂಡಿಸುವುದು. ಮೊದಲ ಸಲ ಹೊರದೇಶದಿಂದ ಬೇಡಿಕೆ ಬಂದಾಗ ಎಂಟು ತಿಂಗಳು ದುಡಿದು ಹನ್ನೆರಡು ಪೆಟ್ಟಿಗೆ ತುಂಬಿದೆವು. ಆ ದೇಶದವರ ನಿಯಮ ಒಂದೆರಡಲ್ಲ. ಬೀಟೆ ಮರ ಬೇಡ, ಪೆಟ್ಟಿಗೆಯ ಹಲಗೆಯನ್ನು ಹುಳ ಸಾಯುವಷ್ಟು ಬಿಸಿ ಮಾಡಿ ಮುದ್ರೆ ಒತ್ತಿರಬೇಕು, ಒಳಗೆ ಹುಲ್ಲು, ಎಲೆ, ಕಾಳು, ಮಣ್ಣು ಏನೂ ಇರಕೂಡದು. ಏನೂ ಇಲ್ಲ ಎಂದು ಬರೆದು ರುಜು ಹಾಕಿದೆ.

ಸರಕು ಅಲ್ಲಿಯ ಬಂದರು ಮುಟ್ಟಿದ ವಾರಕ್ಕೆ, ಕಳಿಸಿಕೊಟ್ಟ ಏಜೆಂಟರ ಫೋನು ಬಂತು.

"ತಪಾಸಣೆಗೆ ಒಂದು ಪೆಟ್ಟಿಗೆ ಬಿಚ್ಚಿದಾರೆ, ಅದ್ರಲ್ಲಿ ಅಕ್ಕಿ ಸಿಕ್ಕಿದೆ ಕಣ್ರೀ. ಮಿಕ್ಕ ಹನ್ನೊಂದ್ರಲ್ಲಿ ಇಲ್ಲ ಅಂತ ಬರ್ಕೊಡಿ, ಬಿಟ್ರೂ ಬಿಡ್ಬೋದು. ಸುಳ್ಳು ಅಂತಾದ್ರೆ ಮಾತ್ರ ನಿಮ್ಮ ಹೆಸ್ರಲ್ಲಿ ಇನ್ನೊಂದು ಕಡ್ಡೀನೂ ಆ ದೇಶಕ್ಕೆ ಹೋಗಲ್ಲ."

ಮುಚ್ಚಳ ಜಡಿಯುವ ಮೊದಲು ಅತ್ತೆ ಬಂದು ಪೆಟ್ಟಿಗೆಗಳಿಗೆ ಕೈಮುಗಿದು ಹೋದದ್ದು ನೆನಪಾಯಿತು. ಅಡುಗೆಮನೆಗೆ ಓಡಿದೆ. ಅವರು ಸೊಪ್ಪು ಸೋಸುತ್ತಿದ್ದರು.

"ಹೂಂ, ನಾನೇ ಹಾಕ್ದೆ," ಎಂದರು. "ಮಡಿಲಕ್ಕಿ ಕಣಮ್ಮ. ಮನೆಯಿಂದ ಹೊರಟ ಹೆಣ್ಣನ್ನ ಬರಿ ಮಡಿಲಲ್ಲಿ ಕಳಿಸ್ತೀವಾ?"

"ಎಷ್ಟು ಪೆಟ್ಟಿಗೆಗೆ ಹಾಕಿದ್ರಿ ಅತ್ತೆ?" ಒಂದೇ ಎನ್ನಲಿ ತಾಯಿ ಎಂದು ಬೆಟ್ಟದ ದೇವಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಎಲ್ಲಕ್ಕೂ. ಒಂದಕ್ಕೆ ಹಾಕಿ ಇನ್ನೊಂದನ್ನ ಬುಟ್ರೆ, ಅದೇನು ಪಾಪ ಮಾಡಿತ್ತು?"

ಮೂರು ದಿನ ಊಟ ಸೇರಲಿಲ್ಲ. ಫೋನು ಬಡಿದುಕೊಂಡರೆ ಹಿತ್ತಲಿಗೆ ಓಡುತ್ತಿದ್ದೆ. ಸುಳ್ಳು ಬರೆಯಲೂ ಧೈರ್ಯ ಬೇಕು, ಅದೂ ನನ್ನಲ್ಲಿರಲಿಲ್ಲ. ಹನ್ನೆರಡರಲ್ಲೂ ಇದೆ ಎಂದು ಬರೆದೆ. ವಾಪಸ್ ತರಿಸುವ ಶಕ್ತಿ ನಮಗಿರಲಿಲ್ಲ. ಎಲ್ಲವನ್ನೂ ಆ ಬಂದರಿನಲ್ಲೇ ಸುಟ್ಟರು.

ಅತ್ತೆಗೆ ಹೇಳಿದೆ. ಅಳಲಿಲ್ಲ. ಶೆಡ್ಡಿನ ಕಡೆ ಬರುವುದನ್ನು ಬಿಟ್ಟರು.

ವರ್ಷದ ಮೇಲೆ ಅದೇ ದೇಶಕ್ಕೆ ಮತ್ತೆ ನಾಲ್ಕು ಪೆಟ್ಟಿಗೆ ಸಿದ್ಧವಾದವು. ಮುಚ್ಚಳ ಜಡಿಯುವ ಹೊತ್ತಿಗೆ ಅತ್ತೆ ಬಂದರು. ಎರಡೂ ಅಂಗೈ ಬಿಡಿಸಿ ನನಗೆ ತೋರಿಸಿದರು. ಏನೂ ಇರಲಿಲ್ಲ. ಆ ಬರಿಗೈಯನ್ನೇ ಬೊಗಸೆ ಮಾಡಿ ಒಂದೊಂದು ಪೆಟ್ಟಿಗೆಗೂ ಮೂರು ಮೂರು ಸಲ ಸುರಿದು ಒಳಗೆ ಹೋದರು. ಕೆಲಸಗಾರರು ಮೊಳೆ ಜಡಿದರು.

ಲಾರಿ ಬರಲು ಇನ್ನೂ ಹೊತ್ತಿತ್ತು. ಭಯ ಕೇಳಬೇಕಲ್ಲ! ನಾಲ್ಕೂ ಪೆಟ್ಟಿಗೆಗಳ ಮೊಳೆ ಕೀಳಿಸಿ, ತಳದವರೆಗೂ ಕೈಯಾಡಿಸಿ ನೋಡಿದೆ. ಒಂದು ಕಾಳೂ ಇರಲಿಲ್ಲ. ತಲೆ ಎತ್ತಿದರೆ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು.